ಗಡಿ ತಂಟೆಗೂ ನದಿ ಮಾಹಿತಿಗೂ ಗಂಟು ಬೇಡ

ಮಾನ್ಯರೆ,

ವಯನಾಡಿನ ಮಳೆಯ ಲೆಕ್ಕ ಬೇಗ ಸಿಕ್ಕರೆ ಕಬಿನಿಯಿಂದ ಹಂತಹಂತವಾಗಿ ನೀರು ಬಿಡಬಹುದು. ತಡವಾದರೆ ಒಮ್ಮೆಲೇ ಗೇಟು ಎತ್ತಬೇಕು, ನಂಜನಗೂಡಿನ ಸ್ನಾನಘಟ್ಟ ಮುಳುಗುತ್ತದೆ. ಬ್ರಹ್ಮಪುತ್ರದ ಪಾಡೂ ಇದೇ. ಅಲ್ಲಿ ಮೇಲ್ಭಾಗದಲ್ಲಿರುವುದು ಚೀನಾ.

2002ರ ಒಪ್ಪಂದದಂತೆ ಟಿಬೆಟ್ಟಿನ ನುಗೇಶಾ, ಯಾಂಗ್‌ಕುನ್, ನುಕ್ಸಿಯಾ ಕೇಂದ್ರಗಳಿಂದ ಮಳೆಗಾಲದಲ್ಲಿ ನೀರಿನ ಮಟ್ಟ, ಹರಿವು, ಮಳೆಯ ಪ್ರಮಾಣ ನಮಗೆ ಬರಬೇಕಿತ್ತು. ಡೋಕ್ಲಾಂ ಗಡಿಯಲ್ಲಿ ಭಾರತ–ಚೀನಾ ಸೇನೆಗಳು ಎದುರುಬದುರಾಗಿ ನಿಂತ 2017ರಲ್ಲಿ ಬರಲಿಲ್ಲ. ಕೇಂದ್ರಗಳ ದುರಸ್ತಿ ನಡೆದಿದೆ ಎಂದಿತು ಚೀನಾ. ಕಾರಣ ಏನೇ ಇರಲಿ, ನಷ್ಟ ಆ ವರ್ಷಕ್ಕೇ ಮುಗಿಯುವುದಿಲ್ಲ. ಮೇಲಿನ ಮಟ್ಟ ಇಷ್ಟು ಏರಿದರೆ ಕೆಳಗೆ ಎಷ್ಟು ಗಂಟೆಯಲ್ಲಿ ಎಷ್ಟು ಏರುತ್ತದೆ ಎಂಬುದನ್ನು ಹಳೆಯ ದಾಖಲೆಗಳಿಂದಲೇ ಅಂದಾಜಿಸುತ್ತಾರೆ. ಒಂದು ಮಳೆಗಾಲದ ಅಂಕಿ ತಪ್ಪಿದರೆ ಮುಂದಿನ ಮುನ್ಸೂಚನೆಯೂ ದುರ್ಬಲವಾಗುತ್ತದೆ.

ಜಗಳವಿದ್ದರೂ ಜೀವ ಉಳಿಸುವ ಕೆಲಸದಲ್ಲಿ ಕೈಜೋಡಿಸಬಹುದು ಎಂಬುದಕ್ಕೆ ನಿದರ್ಶನವಿದೆ. ಶೀತಲ ಸಮರದ ನಡುವೆಯೂ ಸಿಡುಬಿನ ವಿರುದ್ಧ ಅಮೆರಿಕ, ಸೋವಿಯತ್ ಬಣಗಳೆರಡೂ ದುಡಿದವು. 1958ರಲ್ಲಿ ನಿರ್ಮೂಲನೆಯ ಪ್ರಸ್ತಾವ ಇಟ್ಟದ್ದು ಸೋವಿಯತ್ ಒಕ್ಕೂಟ. ಬಿಸಿಲಿಗೆ ಬೇಗ ಕೆಡದ ಒಣಪುಡಿ ಲಸಿಕೆಯನ್ನೂ ಅದು ಕೋಟಿಗಟ್ಟಲೆ ಕೊಟ್ಟಿತು. ಅಮೆರಿಕದಿಂದ ಬಂದದ್ದು ಕವಲು ಸೂಜಿ: ಎರಡು ಮೊನೆಗಳ ನಡುವೆ ಒಂದು ಹನಿ, ತೋಳಿಗೆ 15 ಚುಚ್ಚು. ಒಬ್ಬರಿಗಾಗುವ ಲಸಿಕೆ ನಾಲ್ವರಿಗೆ ಸಾಕಾಯಿತು. 1980ರಲ್ಲಿ ಸಿಡುಬು ಮುಗಿಯಿತೆಂದು ಘೋಷಣೆಯಾಯಿತು.

ಹಿಮನದಿ ಕರಗಿ ನಿಂತ ಸರೋವರಗಳು ಒಡೆದರೂ ಪ್ರವಾಹ ಬರುತ್ತದೆ, ಅವು ಮಳೆಗಾಲ ನೋಡಿ ಒಡೆಯುವುದಿಲ್ಲ. ಹಾಗಾಗಿ ಚೀನಾ ಜೊತೆಗಿನ ಮುಂದಿನ ಒಪ್ಪಂದ ವರ್ಷಪೂರ್ತಿಯದ್ದಾಗಲಿ. ಅಂಕಿಗಳು ಉಪಗ್ರಹದ ಮೂಲಕ ತಾವಾಗಿಯೇ ಬರಲಿ. ಗಡಿಯಲ್ಲಿ ಏನೇ ನಡೆದರೂ ತಡೆಹಿಡಿಯುವಂತಿಲ್ಲ ಎಂಬ ಷರತ್ತನ್ನು ಕೇಂದ್ರ ಸರ್ಕಾರ ಪಟ್ಟು ಹಿಡಿದು ಸೇರಿಸಲಿ.

– ಓದುಗರೊಬ್ಬರು, ಮೈಸೂರು