ಸಾವಿನ ಮೂಲ ಕಾರಣ ದಾಖಲಾಗಲಿ

ಮಾನ್ಯರೇ,

ಚಿತ್ರದುರ್ಗ ನಗರದ ಅಂಚಿನ ಬಡಾವಣೆ, ಹಟ್ಟಿಗಳಲ್ಲಿ ಮನೆಯಲ್ಲೇ ಕೊನೆಯುಸಿರೆಳೆದವರು ಯಾವ ಕಾಯಿಲೆಯಿಂದ ತೀರಿಕೊಂಡರು ಎಂದು ಕೇಳಿದರೆ ‘ವಯಸ್ಸಾಗಿತ್ತು’ ಅಥವಾ ‘ಹಾರ್ಟ್ ಅಟ್ಯಾಕ್ ಆಯಿತು’ ಎಂಬ ಉತ್ತರವೇ ಸಾಮಾನ್ಯ. ನೋಂದಣಿ ಮಾಡಿಸುವಾಗಲೂ ಇದೇ ಮಾತು ಹೇಳಿಬಿಡುತ್ತಾರೆ. ಕುಟುಂಬಕ್ಕೆ ಸಿಗುವ ಮರಣ ಪ್ರಮಾಣಪತ್ರದಲ್ಲಿ ಕಾರಣವನ್ನು ನಮೂದಿಸುವುದಿಲ್ಲ. ಮೃತರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅದರ ಅಗತ್ಯವೂ ಇಲ್ಲ. ಹೀಗಾಗಿ ನೋಂದಣಿ ನಮೂನೆಯಲ್ಲಿರುವ ಸಾವಿನ ಕಾರಣದ ಕಾಲಂ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಜಿಲ್ಲೆಯ ಆರೋಗ್ಯ ಯೋಜನೆಗೆ ಆಧಾರವಾಗಬೇಕಾದದ್ದು ಮಾತ್ರ ಅದೇ ಕಾಲಂ.

ಹೃದಯ ನಿಲ್ಲುವುದು ಎಲ್ಲ ಸಾವಿನಲ್ಲೂ ಇದ್ದದ್ದೇ, ಅದು ಕಾರಣವಲ್ಲ. ಆಸ್ಪತ್ರೆಯವರು ತುಂಬುವ ಸಾವಿನ ಕಾರಣದ ಪ್ರಮಾಣಪತ್ರವಾದ ನಮೂನೆ 4ರಲ್ಲಿ ತಕ್ಷಣದ ಕಾರಣದಿಂದ ಮೂಲ ಕಾರಣದವರೆಗೆ ಒಂದರ ಕೆಳಗೊಂದು ಸಾಲುಗಳಿರುವುದು ಇದಕ್ಕಾಗಿಯೇ. ಕಾಲಿನ ಹುಣ್ಣು ಕೊಳೆತು ಸತ್ತವರ ವಿಷಯದಲ್ಲಿ ಮೊದಲ ಸಾಲಿಗೆ ರಕ್ತದ ನಂಜು, ಅದರ ಕೆಳಗೆ ಗ್ಯಾಂಗ್ರಿನ್, ಕೊನೆಗೆ ಸಕ್ಕರೆ ಕಾಯಿಲೆ ಎಂದು ಬರೆಯಬೇಕು. ಕೊನೆಯ ಸಾಲು ಖಾಲಿ ಬಿದ್ದರೆ, ಬಿ.ಪಿ., ಶುಗರ್ ಮಾತ್ರೆ ತಪ್ಪದೆ ಸಿಕ್ಕಿದ್ದರೆ ತಡೆಯಬಹುದಾಗಿದ್ದ ಸಾವುಗಳು ಲೆಕ್ಕಕ್ಕೇ ಬರುವುದಿಲ್ಲ.

1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯಂತೆ ಎಲ್ಲ ಆಸ್ಪತ್ರೆಗಳೂ ಸಾವಿನ ಕಾರಣದ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಕಳಿಸಿ, ಪ್ರತಿಯನ್ನು ಹತ್ತಿರದ ಬಂಧುವಿಗೆ ಕೊಡಬೇಕು. ಮನೆಯಲ್ಲಿ ಸತ್ತವರಿಗೆ, ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರು ಇದೇ ಬಗೆಯ ಪ್ರಮಾಣಪತ್ರವಾದ ನಮೂನೆ 4ಎ ಕೊಡಬೇಕು. ಆದರೆ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲಾಗದೆ, ವೈದ್ಯರ ಮುಖವನ್ನೇ ಕಾಣದೆ ಸತ್ತವರಿಗೆ ಪ್ರಮಾಣಪತ್ರ ಕೊಡುವವರು ಯಾರು?

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿ-ಭೇದಿಯಿಂದ ಜನ ಸತ್ತಾಗ ಇಡೀ ರಾಜ್ಯ ಇತ್ತ ನೋಡಿತು. ಒಂದೇ ಕೇರಿಯಲ್ಲಿ, ಒಂದೇ ವಾರದಲ್ಲಿ ಆದ ಸಾವುಗಳಾದ್ದರಿಂದ ಅವು ಕಣ್ಣಿಗೆ ಬಿದ್ದವು. ಅದೇ ಭೇದಿಯಿಂದ, ಕ್ಷಯದಿಂದ, ಕಿಡ್ನಿ ವೈಫಲ್ಯದಿಂದ ಅಲ್ಲೊಂದು ಇಲ್ಲೊಂದು ಜೀವ ಹೋದರೆ ನೀರಿನ ಮಾದರಿ ತೆಗೆಯಲು ಯಾರೂ ಬರುವುದಿಲ್ಲ. ನನ್ನನ್ನು ಬಹುವಾಗಿ ಕಾಡುವುದು ಈ ಬಿಡಿ ಸಾವುಗಳೇ.

ಹೊಸ ವ್ಯವಸ್ಥೆಯನ್ನೇನೂ ಕಟ್ಟಬೇಕಿಲ್ಲ. ಬಾಣಂತಿ ಸತ್ತರೆ ಆರೋಗ್ಯ ಸಿಬ್ಬಂದಿ ಮನೆಗೆ ಹೋಗಿ, ಜ್ವರ ಯಾವಾಗ ಬಂತು, ರಕ್ತಸ್ರಾವ ಎಷ್ಟಿತ್ತು, ವಾಹನ ಎಷ್ಟು ಹೊತ್ತಿಗೆ ಸಿಕ್ಕಿತು ಎಂದು ವಿಚಾರಿಸಿ ಬರೆದುಕೊಳ್ಳುವ ಕ್ರಮ ಈಗಲೂ ಇದೆ. ಮನೆಯಲ್ಲಾಗುವ ಉಳಿದ ಸಾವುಗಳಿಗೂ, ಕನಿಷ್ಠ 70 ವರ್ಷದೊಳಗಿನವರ ಸಾವುಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳು ಇದನ್ನು ವಿಸ್ತರಿಸಲಿ. ಆಶಾ ಕಾರ್ಯಕರ್ತೆಯರಿಗೆ ಈ ಕೆಲಸ ವಹಿಸುವುದಾದರೆ ಅದಕ್ಕೆ ಪ್ರತ್ಯೇಕ ಗೌರವಧನ ಕೊಡಲೇಬೇಕು. ಹೆಸರುಗಳನ್ನು ಬಿಟ್ಟು, ಸಾವಿನ ಕಾರಣಗಳ ವಾರ್ಡ್‌ವಾರು ಪಟ್ಟಿಯನ್ನು ವರ್ಷಕ್ಕೊಮ್ಮೆ ನಗರಸಭೆ ಮತ್ತು ಗ್ರಾಮ ಪಂಚಾಯಿತಿಗಳ ಮುಂದಿಡಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

– ನಿವೃತ್ತ ಆರೋಗ್ಯ ಸಹಾಯಕ, ಚಿತ್ರದುರ್ಗ