ಗಬ್ಬ ನಿಲ್ಲದ ಆಕಳು: ಗರ್ಭಕೋಶದ ಕಡೆಗೂ ಗಮನವಿರಲಿ

ಮಾನ್ಯ ಸಂಪಾದಕರೇ,

ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಮಿಶ್ರತಳಿ ಆಕಳು ಮೂರು ವಾರಕ್ಕೊಮ್ಮೆ ಮತ್ತೆ ಮತ್ತೆ ಬೆದೆಗೆ ಬಂದರೆ, ತಪ್ಪನ್ನು ವೀರ್ಯದ ಮೇಲೋ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿದವರ ಮೇಲೋ ಹೊರಿಸುವುದು ರೂಢಿಯಾಗಿದೆ. ಗರ್ಭಕೋಶದ ರೋಗನಿರೋಧಕ ಜೀನ್‌ಗಳ ಮಾತು ಬರುವುದೇ ಅಪರೂಪ.

ಕರು ಹಾಕಿದ ಮೇಲೆ ಬಹುತೇಕ ಎಲ್ಲ ಆಕಳುಗಳ ಗರ್ಭಕೋಶಕ್ಕೂ ಬ್ಯಾಕ್ಟೀರಿಯಾ ಸೇರುತ್ತವೆ. ಒಳಪದರದ ಜೀವಕೋಶಗಳಲ್ಲಿರುವ ಟಿಎಲ್‌ಆರ್-4 ಎಂಬ ಗ್ರಾಹಕವು ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಹೊರಪದರದ ವಿಷಾಂಶವನ್ನು ಗುರುತಿಸಿದೊಡನೆ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 ಮುಂತಾದ ಉರಿಯೂತದ ಸಂದೇಶವಾಹಕ ಪ್ರೋಟೀನ್‌ಗಳ ಜೀನ್‌ಗಳು ಚುರುಕಾಗಿ, ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಈ ಉರಿಯೂತ ಸಕಾಲದಲ್ಲಿ ಇಳಿಯದಿದ್ದರೆ, ಹೊರಗೆ ಕೀವು ಕಾಣದಿದ್ದರೂ ಗಬ್ಬ ನಿಲ್ಲುವುದು ಕಷ್ಟ. ಇನ್ನು, ಗಬ್ಬ ಕಟ್ಟಿದ ಸುಮಾರು 16ನೇ ದಿನಕ್ಕೆ ಭ್ರೂಣವೇ ಇಂಟರ್‌ಫೆರಾನ್-ಟೌ ಎಂಬ ಪ್ರೋಟೀನ್ ಸ್ರವಿಸಿ ಮುಂದಿನ ಬೆದೆಯನ್ನು ತಡೆಯುತ್ತದೆ, ವೈರಾಣು ಸೋಂಕಿನಲ್ಲೂ ಚುರುಕಾಗುವ ಐಎಸ್‌ಜಿ-15ರಂತಹ ಜೀನ್‌ಗಳನ್ನೂ ಎಬ್ಬಿಸುತ್ತದೆ. ವೈರಾಣುವಿನ ವಿರುದ್ಧ ಹೋರಾಡುವ ವ್ಯವಸ್ಥೆಯೇ ಇಲ್ಲಿ ಗಬ್ಬದ ಸುದ್ದಿ ಮುಟ್ಟಿಸುವುದು ನನಗಂತೂ ಸೋಜಿಗ.

ಆದ್ದರಿಂದ ಕಸ (ಮಾಸು) ಬೀಳಲು ತಡವಾದ ಅಥವಾ ಕಷ್ಟಪಟ್ಟು ಕರು ಹಾಕಿದ ಆಕಳಿಗೆ ಮತ್ತೆ ಇಂಜೆಕ್ಷನ್ ಮಾಡಿಸುವ ಮೊದಲು ಗರ್ಭಕೋಶದ ಪರೀಕ್ಷೆಗೆ ಪಶುಪಾಲನಾ ಇಲಾಖೆ ವ್ಯವಸ್ಥೆ ಮಾಡಬೇಕು. ಗದಗಿನ ಪಶುವೈದ್ಯಕೀಯ ಕಾಲೇಜಿನ ತಜ್ಞರು ಹಾಲು ಸಂಘಗಳ ಸಭೆಗಳಲ್ಲಿ ಈ ವಿಷಯವನ್ನು ರೈತರಿಗೆ ತಿಳಿಸಿಕೊಡಬೇಕು.

– ಒಬ್ಬ ಹೈನುಗಾರ, ಬ್ಯಾಡಗಿ ತಾಲ್ಲೂಕು