ಮೀನಿನ ತಲೆ ಯಾವ ಕಡೆಗಿತ್ತು? – ನಮ್ಮ ಚಿತ್ರಗಳ ಗ್ರಾಹಕರಿಗೆ ಒಂದು ಪತ್ರ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಛಾಯಾಗ್ರಾಹಕರ ಸಹಕಾರ ಸಂಘದ ಚಿತ್ರಸಂಗ್ರಹದಲ್ಲಿ ಎರಡು ಬದಲಾವಣೆ ಆಗಲಿವೆ. ಕಾಡುಪ್ರಾಣಿಗಳ ಪ್ರತಿ ಚಿತ್ರದ ಜೊತೆಗೂ ಅದನ್ನು ಹೇಗೆ ತೆಗೆದದ್ದು ಅಂತ ಒಂದು ಸಾಲು ಇರುತ್ತದೆ. ಕೆಲವು ಚಿತ್ರಗಳು ಇನ್ನು ಮುಂದೆ ಸಿಗುವುದೇ ಇಲ್ಲ. ಅವುಗಳಲ್ಲಿ ನೀವು ಜಾಸ್ತಿ ಕೇಳುವ ಚಿತ್ರಗಳೂ ಇವೆ. ಹಾಗಾಗಿ ಸುಮ್ನೆ ಒಂದು ನೋಟೀಸು ಹಾಕಿ ಕೈತೊಳೆದುಕೊಳ್ಳುವ ಬದಲು, ಯಾಕೆ ಅಂತ ಹೇಳಿಬಿಡೋಣ ಅನ್ನಿಸಿತು.

ಶುರುವಾದದ್ದು ಒಂದು ಮಿಂಚುಳ್ಳಿಯಿಂದ. ಕೊಕ್ಕಿನಲ್ಲಿ ಮೀನು ಕಚ್ಚಿಕೊಂಡು ಕೊಂಬೆಯ ಮೇಲೆ ಕೂತ ಆ ಚಿತ್ರ ನಿಮಗೂ ಗೊತ್ತಿರಬಹುದು, ಕ್ಯಾಲೆಂಡರಿನವರು ತುಂಬಾ ಸಲ ಕೊಂಡಿದ್ದಾರೆ. ಅಡಿಬರಹ: 'ಬೆಳಗಿನ ಊಟಕ್ಕೆ ಸಿದ್ಧ'. ಪ್ರಕಾಶಕರೊಬ್ಬರ ಹತ್ತಿರ ಕರಡು ತಿದ್ದುವವರು ಫೋನ್ ಮಾಡಿ ಕೇಳಿದರು: "ಮೀನಿನ ತಲೆ ಹೊರಗಡೆ ಇದೆಯಲ್ಲ, ಹಕ್ಕಿ ಇದನ್ನ ಹೇಗೆ ನುಂಗುತ್ತೆ?"

ಹೌದಲ್ವಾ! ಮಿಂಚುಳ್ಳಿ ಮೀನನ್ನು ಕೊಂಬೆಗೆ ನಾಲ್ಕು ಸಲ ಬಡಿದು, ಕೊಕ್ಕಿನಲ್ಲೇ ತಿರುಗಿಸಿಕೊಂಡು, ತಲೆ ಮೊದಲು ಒಳಗೆ ಹೋಗುವ ಹಾಗೆ ನುಂಗುತ್ತದೆ. ಬಾಲದಿಂದ ನುಂಗಿದರೆ ಈಜುರೆಕ್ಕೆ, ಹುರುಪೆ ಎಲ್ಲ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ತಲೆ ಹೊರಗಡೆಗೆ ಇಟ್ಟುಕೊಂಡಿದೆ ಅಂದರೆ ಆ ಮೀನು ಇನ್ನೊಂದು ಬಾಯಿಗೆ ಹೋಗಬೇಕು. ಗೂಡಿನ ಮರಿಗೆ, ಇಲ್ಲವೇ ಒಲಿಸಿಕೊಳ್ಳಬೇಕಾದ ಹೆಣ್ಣಿಗೆ. ಅಲ್ಲಿ ಕೂತಿದ್ದದ್ದು ಊಟಕ್ಕೆ ಸಿದ್ಧವಾದ ಹಕ್ಕಿಯಲ್ಲ, ಊಟ ಒಯ್ಯುತ್ತಿದ್ದ ಹಕ್ಕಿ.

ಅಡಿಬರಹ ತಿದ್ದಿದರೆ ಮುಗಿಯಿತು ಅಂದುಕೊಂಡು ಚಿತ್ರ ತೆಗೆದ ನಮ್ಮ ಸದಸ್ಯರನ್ನೇ ವಿಚಾರಿಸಿದೆವು. ಆಗ ಇನ್ನೊಂದು ವಿಷಯ ಹೊರಬಿತ್ತು. ಆ ಕೊಂಬೆ ಅವರೇ ನೆಟ್ಟದ್ದು. ಅದರ ಕೆಳಗೆ ನೀರಿನಲ್ಲಿ ಸಣ್ಣ ಮೀನು ತುಂಬಿದ ಒಂದು ಟಬ್ಬು ಮುಳುಗಿಸಿಟ್ಟಿದ್ದರು. ಹಕ್ಕಿ ಎಲ್ಲಿ ಮುಳುಗುತ್ತೆ, ಎಲ್ಲಿ ಮೇಲೇಳುತ್ತೆ ಅಂತ ಮೊದಲೇ ಗೊತ್ತಾಗಲಿ ಅಂತ. ಅವರು ಏನನ್ನೂ ಮುಚ್ಚಿಡಲಿಲ್ಲ. "ಯಾರೂ ಕೇಳಿರಲಿಲ್ಲ" ಅಂದರು. ನಿಜ, ನಾವು ಯಾರನ್ನೂ ಕೇಳಿರಲಿಲ್ಲ.

ಆಮೇಲೆ ಕೂತು ಹಳೆಯ ಚಿತ್ರಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದೆವು. ಕೇಳಿದ ಹಾಗೆಲ್ಲ ಕಥೆಗಳು ಬಂದವು. ರೆಕ್ಕೆ ಬಿಚ್ಚಿ ಕ್ಯಾಮೆರಾದ ಕಡೆಗೇ ಹಾರಿ ಬರುವ ಗೂಬೆ: ಎದುರಿಗೆ ಇಲಿ ಬಿಟ್ಟಿದ್ದರು. ಎಲೆಯ ತುದಿಯಲ್ಲಿ ಅಲುಗಾಡದೆ ಕೂತ ಜೀರುಂಡೆ: ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿದ್ದರು. ಎದೆಯುಬ್ಬಿಸಿ ಹಾಡುವ ಹಕ್ಕಿ: ಅದೇ ಜಾತಿಯ ಗಂಡಿನ ಕೂಗನ್ನು ಸ್ಪೀಕರಿನಲ್ಲಿ ಕೇಳಿಸಿದ್ದರು. ಪಾಪ, ಅದು ಹಾಡುತ್ತಿರಲಿಲ್ಲ. ತನ್ನ ಜಾಗಕ್ಕೆ ಇನ್ನೊಬ್ಬ ನುಗ್ಗಿದ್ದಾನೆ ಅಂತ ಜಗಳಕ್ಕೆ ಬಂದಿತ್ತು. ಮೇವು ಹುಡುಕುವ ಹೊತ್ತನ್ನು ಇಲ್ಲದ ಶತ್ರುವಿಗಾಗಿ ಕಳೆದಿತ್ತು.

ಗೂಬೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಆ ಚಿತ್ರ ಎಲ್ಲಿ ಹೋಯಿತು ಅಂತ ಕೇಳುವವರೇ ಜಾಸ್ತಿ. ಕಣಜದ ಗೂಬೆ ಬೇಟೆಯಾಡುವುದು ಹೆಚ್ಚಾಗಿ ಕಿವಿಯಿಂದ. ಅದರ ಎರಡು ಕಿವಿಗಳು ಒಂದೇ ಎತ್ತರದಲ್ಲಿಲ್ಲ, ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ. ಹುಲ್ಲಿನೊಳಗಿನ ಸದ್ದು ಮೇಲಿನಿಂದ ಬಂತೋ ಕೆಳಗಿನಿಂದಲೋ ಅಂತ ಅದು ಲೆಕ್ಕ ಹಾಕುವುದು ಆ ವ್ಯತ್ಯಾಸದಿಂದಲೇ. ಕಗ್ಗತ್ತಲಲ್ಲೂ ಇಲಿ ಹಿಡಿಯಬಲ್ಲದು. ಹಾಗಾಗಿ ನಿಜವಾದ ಬೇಟೆ ನೋಡಲು ಕೂತರೆ ನಿಮಗೆ ಕಾಣುವುದು ಕಂಬದ ಮೇಲೆ ಕೂತು ನಿಧಾನವಾಗಿ ತಲೆ ತಿರುಗಿಸುವ ಹಕ್ಕಿ, ಅಷ್ಟೇ. ಗಂಟೆಗಟ್ಟಲೆ. ಅದನ್ನು ಬಿಟ್ಟು ಹಗಲು ಬೆಳಕಿನಲ್ಲಿ ಬಯಲಿಗೆ ಇಲಿ ಬಿಟ್ಟರೆ ಗೂಬೆ ಬರುತ್ತೆ, ಫೋಟೋನೂ ಸಿಗುತ್ತೆ. ಜೊತೆಗೆ ಮನುಷ್ಯ ನಿಂತ ಕಡೆ ಊಟ ಇರುತ್ತೆ ಅಂತ ಅದು ಕಲಿಯುತ್ತೆ. ರಸ್ತೆಬದಿಯಲ್ಲಿ ಇಲಿ ತಿಂದು ಕಲಿತ ಗೂಬೆ ರಸ್ತೆಬದಿಗೇ ಮತ್ತೆ ಬರುತ್ತೆ. ವಾಹನಗಳೂ ಅಲ್ಲೇ ಓಡಾಡುತ್ತವೆ.

ಆಮಿಷ ಪ್ರಾಣಿಯ ನಡವಳಿಕೆಯನ್ನೇ ಬದಲಿಸುತ್ತೆ ಅನ್ನುವುದು ಹೊಸ ವಿಷಯವೇನಲ್ಲ. ಚಿಂಪಾಂಜಿಗಳನ್ನು ಅಧ್ಯಯನ ಮಾಡಿದ ಜೇನ್ ಗುಡಾಲ್ 1960ರಲ್ಲಿ ಈಗಿನ ಟಾಂಜಾನಿಯಾದ ಗೊಂಬೆ ಎಂಬ ಕಾಡಿಗೆ ಹೋಗಿ, ತಿಂಗಳುಗಟ್ಟಲೆ ದೂರ ಕೂತು ನೋಡಿದ್ದರಿಂದಲೇ ಚಿಂಪಾಂಜಿ ಹುಲ್ಲುಕಡ್ಡಿಯನ್ನು ಗೆದ್ದಲಗೂಡಿಗೆ ಚುಚ್ಚಿ ಗೆದ್ದಲು ಹಿಡಿಯುವುದು ಜಗತ್ತಿಗೆ ಗೊತ್ತಾಯಿತು. ಮುಂದೆ ಅದೇ ಜಾಗದಲ್ಲಿ ಚಿಂಪಾಂಜಿಗಳು ಹತ್ತಿರ ಬರಲಿ ಅಂತ ಬಾಳೆಹಣ್ಣು ಇಡಲು ಶುರು ಮಾಡಿದರು. ಕಾಡಿನಲ್ಲಿ ಚದುರಿ ಮೇಯುವ ಪ್ರಾಣಿಗಳು ಒಂದೇ ಕಡೆ ಗುಂಪುಗೂಡಿದವು, ಜಗಳ ಹೆಚ್ಚಾಯಿತು. ಆಮೇಲೆ ಹಣ್ಣು ಕೊಡುವುದನ್ನು ಕಡಿಮೆ ಮಾಡಬೇಕಾಯಿತು. ಅಷ್ಟು ಪ್ರೀತಿಯಿಂದ ನೋಡಿದವರ ಕೈಯಲ್ಲೇ ಹೀಗಾಯಿತು ಅಂದಮೇಲೆ ಟಬ್ಬು ಮುಳುಗಿಸಿದ ನಮ್ಮ ಕಥೆ ಬಿಡಿ.

ಹಾಗಾಗಿ ಆಮಿಷ ಇಟ್ಟು, ಕೂಗು ಕೇಳಿಸಿ, ಇಲ್ಲವೇ ಮರಗಟ್ಟಿಸಿ ತೆಗೆದ ಚಿತ್ರಗಳನ್ನು ತೆಗೆದುಹಾಕಿದ್ದೇವೆ. ಗೂಡಿನ ಹತ್ತಿರದ ಚಿತ್ರಗಳನ್ನೂ. ಬೆಳಕು ಬೀಳಲಿ ಅಂತ ಗೂಡಿನ ಸುತ್ತ ನಾಲ್ಕು ಎಲೆ ಕಿತ್ತರೆ ಬಿಸಿಲೂ ಬೀಳುತ್ತೆ, ಕಾಗೆಯ ಕಣ್ಣೂ ಬೀಳುತ್ತೆ. ಸಾಕಿದ, ಸೆರೆಯಲ್ಲಿರುವ ಪ್ರಾಣಿಗಳ ಚಿತ್ರಗಳನ್ನು ಉಳಿಸಿಕೊಂಡಿದ್ದೇವೆ, ಆದರೆ 'ಸೆರೆಯಲ್ಲಿ' ಅಂತ ಸ್ಪಷ್ಟವಾಗಿ ಬರೆದಿದ್ದೇವೆ. ಅದನ್ನು ಅಳಿಸಿ ಮುದ್ರಿಸಬೇಡಿ ಅಂತ ಕೋರಿಕೆ. ವನ್ಯಜೀವಿ ಛಾಯಾಗ್ರಹಣದ ಅತಿ ದೊಡ್ಡ ಸ್ಪರ್ಧೆಯೊಂದರಲ್ಲಿ 2009ರಲ್ಲಿ ಗೇಟು ಹಾರುವ ತೋಳದ ಚಿತ್ರಕ್ಕೆ ಮೊದಲ ಪ್ರಶಸ್ತಿ ಬಂದಿತ್ತು. ಅದು ಪಳಗಿಸಿದ ತೋಳವೇ ಇರಬೇಕು ಎಂದು ತೀರ್ಪುಗಾರರಿಗೆ ಅನ್ನಿಸಿ 2010ರ ಜನವರಿಯಲ್ಲಿ ಪ್ರಶಸ್ತಿ ವಾಪಸ್ ಪಡೆದರು. ಕಾಡಿನ ತೋಳಕ್ಕೆ ಗೇಟಿನ ಕಂಬಿಗಳ ನಡುವೆ ನುಸುಳಿ ಹೋಗುವುದು ಹಾರುವುದಕ್ಕಿಂತ ಸಲೀಸು ಅಲ್ವಾ?

ಇನ್ನು ಅಡಿಬರಹಗಳ ವಿಷಯ. ನಿಜ ಹೇಳಬೇಕಂದರೆ ನಾಚಿಕೆಯಾದದ್ದು ಇಲ್ಲೇ. ಇವೆಲ್ಲ ಯಾವ ಮೋಸವೂ ಇಲ್ಲದೆ ತೆಗೆದ ಚಿತ್ರಗಳು. ತಪ್ಪು ನಾವು ಬರೆದ ಸಾಲಿನಲ್ಲಿತ್ತು.

'ಕೆರಳಿದ ಹುಲಿ' ಅಂತ ಮಾರುತ್ತಿದ್ದ ಚಿತ್ರವನ್ನೇ ತೆಗೆದುಕೊಳ್ಳಿ. ತುಟಿ ಮೇಲೆತ್ತಿದೆ, ಮೂಗು ಸುಕ್ಕುಗಟ್ಟಿದೆ, ಹಲ್ಲು ಕಾಣುತ್ತಿದೆ. ಆದರೆ ನಾಲಿಗೆ ಜೋತುಬಿದ್ದಿದೆ, ಕಣ್ಣು ಅರ್ಧ ಮುಚ್ಚಿದೆ, ಕಿವಿ ಹಿಂದಕ್ಕೆ ಮಲಗಿಲ್ಲ. ಅದು ಕೋಪವಲ್ಲ, ವಾಸನೆ ಓದುವುದು. ಇನ್ನೊಂದು ಹುಲಿ ಬಾಲ ಎತ್ತಿ ಮರದ ಬುಡಕ್ಕೆ ಸಿಂಪಡಿಸಿ ಹೋದ ಮೂತ್ರವನ್ನು ಇದು ಮೂಸಿ, ಆ ವಾಸನೆಯನ್ನು ಅಂಗುಳಿನಲ್ಲಿರುವ ಪುಟ್ಟ ಅಂಗವೊಂದಕ್ಕೆ ಎಳೆದುಕೊಳ್ಳುತ್ತಿದೆ. ಹೋದದ್ದು ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ ಇಲ್ಲವೋ ಅನ್ನುವುದು ಹೀಗೆ ಗೊತ್ತಾಗುತ್ತದೆ. ಕುದುರೆ, ಜಿಂಕೆಗಳೂ ಹೀಗೆ ತುಟಿ ಎತ್ತುತ್ತವೆ, ಅವಕ್ಕೆ ಯಾರೂ 'ಕೆರಳಿದ ಕುದುರೆ' ಅನ್ನುವುದಿಲ್ಲ. ನಮ್ಮ ಹತ್ತಿರ ಇದರ ಮುಂಚಿನ ಮತ್ತು ನಂತರದ ಚಿತ್ರಗಳೂ ಇವೆ: ಮರಕ್ಕೆ ಮೂಗು ಹಚ್ಚಿದ್ದು, ಆಮೇಲೆ ಸುಮ್ಮನೆ ನಡೆದುಹೋದದ್ದು. ಇನ್ನು ಮೂರನ್ನೂ ಒಟ್ಟಿಗೇ ಕೊಡುತ್ತೇವೆ. ನಡುವಿನದೊಂದೇ ಬೇಕು ಅಂದರೆ ಇಲ್ಲ.

ಸತ್ತ ಪ್ರಾಣಿಯನ್ನು ಸಿಂಹ ತಿನ್ನುತ್ತಿದೆ, ಸುತ್ತ ಕತ್ತೆಕಿರುಬಗಳು ಕಾಯುತ್ತಿವೆ. ಇದಕ್ಕೆ 'ಎಂಜಲಿಗಾಗಿ ಕಾದವರು' ಅಂತ ಬರೆದಿದ್ದೆವು. ಹ್ಯಾನ್ಸ್ ಕ್ರೂಕ್ ಅನ್ನುವ ವಿಜ್ಞಾನಿ 1960ರ ದಶಕದಲ್ಲಿ ಟಾಂಜಾನಿಯಾದ ಸೆರೆಂಗೆಟಿಯಲ್ಲಿ, ಗೊರೊಂಗೊರೊದಲ್ಲಿ ಕತ್ತೆಕಿರುಬಗಳನ್ನು ರಾತ್ರಿಯೆಲ್ಲ ಹಿಂಬಾಲಿಸಿದಾಗ ಕಂಡದ್ದೇ ಬೇರೆ. ಚುಕ್ಕೆ ಕತ್ತೆಕಿರುಬ ತಾನು ತಿನ್ನುವುದರಲ್ಲಿ ಬಹುಪಾಲನ್ನು ತಾನೇ ಕೊಲ್ಲುತ್ತದೆ. ಗೊರೊಂಗೊರೊದಲ್ಲಂತೂ ಕತ್ತೆಕಿರುಬ ಕೊಂದದ್ದನ್ನು ಸಿಂಹ ಕಿತ್ತುಕೊಳ್ಳುವುದೇ ಜಾಸ್ತಿ. ಬೆಳಗಾದಮೇಲೆ ಕ್ಯಾಮೆರಾ ಹಿಡಿದು ಹೋದವರಿಗೆ ಕಾಣುವುದು ತಿನ್ನುವ ಸಿಂಹ, ಕಾಯುವ ಕತ್ತೆಕಿರುಬ. ಯಾರು ಯಾರ ಎಂಜಲು ತಿನ್ನುತ್ತಿದ್ದಾರೆ ಅಂತ ಚಿತ್ರ ನೋಡಿ ಹೇಳಲು ಬರುವುದಿಲ್ಲ. ಈಗ ಅಡಿಬರಹದಲ್ಲಿ ಕಂಡದ್ದನ್ನಷ್ಟೇ ಬರೆದಿದ್ದೇವೆ.

'ನಾಯಕ ತೋಳ' ಎಂಬ ಮಾತನ್ನೂ ಕೈಬಿಟ್ಟಿದ್ದೇವೆ. ಕಾದಾಡಿ ಗೆದ್ದವನು ಗುಂಪನ್ನು ಆಳುತ್ತಾನೆ ಎನ್ನುವ ಮಾತು ಹರಡಿದ್ದು ಬಹುಮಟ್ಟಿಗೆ ಒಂದೇ ಆವರಣದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ, 1947ರಲ್ಲಿ ಪ್ರಕಟವಾದ ಅಧ್ಯಯನದಿಂದ. ಕಾಡಿನ ತೋಳಗಳನ್ನು ದಶಕಗಳ ಕಾಲ ನೋಡಿದ ಡೇವಿಡ್ ಮೆಕ್ 1999ರಲ್ಲಿ ಇದನ್ನು ತಿದ್ದಿದರು. ಸಾಮಾನ್ಯವಾಗಿ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಆ ವರ್ಷದ ಮರಿಗಳು, ಹಿಂದಿನ ವರ್ಷದ ಮಕ್ಕಳು. ಹಾಗಾಗಿ ನಮ್ಮ ಚಿತ್ರದಲ್ಲಿ ಮುಂದೆ ನಿಂತದ್ದು ಈಗ 'ತಂದೆ ತೋಳ'. ಮಾರಾಟಕ್ಕೆ ಇದು ಒಳ್ಳೆಯದಲ್ಲ ಅಂತ ನಮಗೂ ಗೊತ್ತು.

ಚಿಕ್ಕಪುಟ್ಟವು ಇನ್ನೂ ಇವೆ. ಶುಭಾಶಯ ಪತ್ರಗಳ ಹಲ್ಲುಕಿರಿಯುವ ಚಿಂಪಾಂಜಿ ನಗುತ್ತಿಲ್ಲ, ಬಹುತೇಕ ಹೆದರಿದೆ. ದಡದಲ್ಲಿ ಬಾಯಿ ತೆರೆದು ಮಲಗಿದ ಮೊಸಳೆ ಹೆದರಿಸುತ್ತಿಲ್ಲ, ಬಹುಶಃ ಮೈಯ ಬಿಸಿ ಇಳಿಸಿಕೊಳ್ಳುತ್ತಿದೆ. ಬಾಯಿ ತೆರೆದ ನೀರುಕುದುರೆ ಆಕಳಿಸುತ್ತಿದೆ ಅಂತ ನಾವು ಬರೆದಿದ್ದೆವು. ಅದು ಎದುರಿನವನಿಗೆ ತೋರಿಸುವ ಹಲ್ಲು.

ಈಗ ನಿಮಗೆ ಬೇಕಾದ ವಿಷಯಕ್ಕೆ ಬರೋಣ. ತೆಗೆದುಹಾಕಿದ ಚಿತ್ರವನ್ನು ನೀವು ಮೊದಲೇ ಕೊಂಡಿದ್ದರೆ ಅದೇ ಪ್ರಾಣಿಯ ಇನ್ನೊಂದು ಚಿತ್ರವನ್ನು ಹಣ ಪಡೆಯದೆ ಕೊಡುತ್ತೇವೆ. ಅಡಿಬರಹ ಬದಲಾದ ಚಿತ್ರಗಳ ಪಟ್ಟಿಯನ್ನು ಪ್ರತಿಯೊಬ್ಬ ಗ್ರಾಹಕರಿಗೂ ಕಳಿಸುತ್ತೇವೆ. ಪಠ್ಯಪುಸ್ತಕ ಮಾಡುವವರು ದಯವಿಟ್ಟು ಅದನ್ನು ಮೊದಲು ನೋಡಿ. ಗೂಡು, ಗವಿ, ಮರಿಗಳಿರುವ ಜಾಗದ ಗುರುತು ಕೊಡುವುದಿಲ್ಲ, ಚಿತ್ರದ ಫೈಲಿನಿಂದಲೂ ಅಳಿಸಿದ್ದೇವೆ. 'ನಾಳೆಯೊಳಗೆ ಘರ್ಜಿಸುವ ಸಿಂಹ ಬೇಕು' ಅಂದರೆ ಇದ್ದರೆ ಕೊಡುತ್ತೇವೆ. ಇಲ್ಲದಿದ್ದರೆ ಮಲಗಿದ ಸಿಂಹ ಬೇಕಾದಷ್ಟಿವೆ. ಸಿಂಹ ದಿನಕ್ಕೆ ಹೆಚ್ಚುಕಡಿಮೆ 20 ಗಂಟೆ ವಿಶ್ರಾಂತಿಯಲ್ಲೇ ಕಳೆಯುತ್ತದೆ, ನಮ್ಮ ಸಂಗ್ರಹದಲ್ಲೂ ಅದೇ ಲೆಕ್ಕ ಕಾಣುತ್ತದೆ.

ಒಂದು ಪ್ರಶ್ನೆ ಮಾತ್ರ ನಮ್ಮೊಳಗೆ ಇನ್ನೂ ಬಗೆಹರಿದಿಲ್ಲ. ಮರಕ್ಕೆ ಕಟ್ಟಿ ಬಂದ, ತಾನೇ ಕ್ಲಿಕ್ಕಿಸುವ ಕ್ಯಾಮೆರಾದ ಚಿತ್ರಗಳದ್ದು. ಅಲ್ಲಿ ಮನುಷ್ಯ ಇಲ್ಲ, ಆಮಿಷ ಇಲ್ಲ. ಆದರೂ ಎಷ್ಟೋ ಚಿತ್ರಗಳಲ್ಲಿ ಪ್ರಾಣಿ ನಿಂತು ನೇರವಾಗಿ ಲೆನ್ಸನ್ನೇ ನೋಡುತ್ತಿರುತ್ತದೆ. ಸದ್ದೋ ಬೆಳಕೋ ಅದಕ್ಕೆ ಗೊತ್ತಾಗಿದೆ. ಅದನ್ನು ಸಹಜ ಅನ್ನಬೇಕೋ ಬೇಡವೋ ಅಂತ ಸಭೆಯಲ್ಲಿ ಬಿಸಿಬಿಸಿ ಮಾತಾಯಿತು. ಸದ್ಯಕ್ಕೆ 'ಸ್ವಯಂಚಾಲಿತ ಕ್ಯಾಮೆರಾ' ಅಂತ ಬರೆದು ಬಿಟ್ಟಿದ್ದೇವೆ. ಇವೆಲ್ಲ ಅತಿಯಾಯಿತು ಅಂತ ಒಬ್ಬರು ಸಂಘ ಬಿಟ್ಟರು. ಅವರ ಚಿತ್ರಗಳೂ ಅವರ ಜೊತೆ ಹೋಗಿವೆ, ಹಾಗಾಗಿ ಹಾವುಗಳ ವಿಭಾಗ ಸ್ವಲ್ಪ ತೆಳ್ಳಗಾಗಿದೆ.

ಮಿಂಚುಳ್ಳಿಯ ಹೊಸ ಚಿತ್ರ ಸಿಕ್ಕಿದೆ. ಟಬ್ಬು ಇಟ್ಟಿದ್ದ ಅದೇ ಸದಸ್ಯರು ಈ ಸಲ ಬರೀ ಕೂತು ಕಾದು ತೆಗೆದದ್ದು. ಹಕ್ಕಿ ಸ್ವಲ್ಪ ದೂರದಲ್ಲಿದೆ, ಹಿನ್ನೆಲೆಯೂ ಅಷ್ಟಕ್ಕಷ್ಟೇ. ಮೀನಿನ ತಲೆ ಈ ಸಲ ಒಳಗಡೆಗಿದೆ. 'ಊಟಕ್ಕೆ ಸಿದ್ಧ' ಅಂತ ಧಾರಾಳವಾಗಿ ಬರೆದುಕೊಳ್ಳಿ.

ನಿಮ್ಮ,
ಸಂಘದ ಸದಸ್ಯರ ಪರವಾಗಿ,
ಚಿತ್ರಸಂಗ್ರಹ ನೋಡಿಕೊಳ್ಳುವವರು